ನಲವತ್ತೆಂಟಕ್ಕೆ ಹದಿನೈದು

ಮೂರು ಜೊತೆ ಪೆಡಲು ತಂದು ಕೌಂಟರಿನ ಮೇಲಿಟ್ಟ ನೆಲ್ಲೋ,
ಗಂಡು ತೋರಿಸುವ ಸೋದರಮಾವನ ಹಾಗೆ
ಒಂದೊಂದನ್ನೂ ಬೆರಳಲ್ಲಿ ತಿರುಗಿಸಿ,
ಬೇರಿಂಗಿನ ಸದ್ದು ಕೇಳಿಸಿ.

ಇದು ಕಚ್ಚುವ ಜಾತಿ, ಅಂದ. ಬೂಟಿನ ಅಡಿಗೆ ಹಲ್ಲೂರಿದರೆ
ಹಿಮ್ಮಡಿ ಹೊರಳಿಸುವ ತನಕ ಬಿಡುವುದಿಲ್ಲ.
ಇದು ಅಗಲ, ಸಾಧು, ಮಾರ್ಕೆಟ್ಟಿಗೆ ಹೋಗಿಬರಲು ಸಾಕು,
ಟ್ರ್ಯಾಕಿಗಲ್ಲ.
ಇದು ನನ್ನಪ್ಪನ ಕಾಲದ್ದು.
ಉಕ್ಕಿನ ಪಂಜರ, ಚರ್ಮದ ಪಟ್ಟಿ.
ಬಿಗಿದುಕೊಳ್ಳುವವಳೂ ನೀನೇ, ಬಿಚ್ಚಿಕೊಳ್ಳುವವಳೂ ನೀನೇ,
ಬಗ್ಗಿ, ಕೈಯಿಂದ.

ಸಿಡ್ನಿ ರಸ್ತೆಯ ಟ್ರಾಮು ಅಂಗಡಿಯ ಗಾಜು ಅದುರಿಸಿ ಹೋಯಿತು.
ನಾನು ನನ್ನ ಎಡ ಹಿಮ್ಮಡಿಯನ್ನು ಕೇಳಿದೆ.

ಅದಕ್ಕೆ ಎಲ್ಲ ನೆನಪಿದೆ.
ಹರಿಹರದ ಹಳೇ ಸೇತುವೆ, ಅಣ್ಣನ ಕ್ಯಾರಿಯರು,
ಏಳು ವರ್ಷದ ಕಾಲು ಕಡ್ಡಿಗಳೊಳಗೆ ಹೋಗಿ
ಚಕ್ರ ಗಕ್ಕನೆ ನಿಂತದ್ದು.
ತೊಗಲು ಬಾಳೆಸುಳಿಯ ಹಾಗೆ ಸುರುಳಿ ಸುತ್ತಿದ್ದು.
ಸೈಕಲ್ ಶಾಪಿನವನನ್ನು ಅಣ್ಣ ಅರಿಸಿನ ಕೇಳಿದ್ದ,
ಅವನು ಕೊಟ್ಟದ್ದು ಗ್ರೀಸು.
ಆಮೇಲೆ ಅದೇ ಶಾಪಿನಲ್ಲಿ ಗಂಟೆಗೆ ಎಂಟಾಣೆ,
ಲಂಗ ಎತ್ತಿ ಕಟ್ಟಿ ಒಳಪೆಡಲು ಹೊಡೆದೆ,
ಕಾಲಿಗೆ ಏನೂ ಕಟ್ಟದೆ,
ಬೀಳುವುದಾದರೆ ಸಲೀಸಾಗಿ ಬೀಳುವ ಹಾಗೆ.

ಈಗ ಐವತ್ತೆರಡು. ಆಸ್ಪತ್ರೆಯ ಲಾಂಡ್ರಿಯಲ್ಲಿ
ಬಿಳಿ ಹಾಸು ಮಡಚುತ್ತೇನೆ, ಆ ತುದಿ ಹಿಡಿಯುವವಳು ಸಲೋಟೆ.
ಮಂಗಳವಾರ ಟ್ರ್ಯಾಕಿಗೆ ಬಾ, ಅಂದಳು,
ಬಾಡಿಗೆ ಸೈಕಲ್ಲೂ ಸಿಗುತ್ತೆ.
ಬಾಡಿಗೆ ಸೈಕಲ್ಲು ಅನ್ನುವ ಮಾತಿಗೇ ಹೋದೆ.

ಬ್ರನ್ಸ್‌ವಿಕ್ಕಿನ ಟ್ರ್ಯಾಕು ಕಾಂಕ್ರೀಟಿನ ಬೋಗುಣಿ.
ಆಚೆ ತೊರೆ, ತೊರೆಯ ದಡಕ್ಕೆ ನೀಲಗಿರಿ.
ಇಷ್ಟು ವರ್ಷ ಆ ಘಾಟು ನಮ್ಮೂರಿನದೇ ಅಂದುಕೊಂಡಿದ್ದೆ,
ಅದರ ತವರು ಇದು.
ವಸಂತ ಬಂದರೆ ಮ್ಯಾಗ್‌ಪೈ ಹಕ್ಕಿ ಎರಗುತ್ತದೆಂದು
ಹೆಲ್ಮೆಟ್ಟಿಗೆ ಪ್ಲಾಸ್ಟಿಕ್ ಕಡ್ಡಿ ಸಿಕ್ಕಿಸಿಕೊಂಡು
ಎಂಟು ಹೆಂಗಸರು ಮುಳ್ಳುಹಂದಿಗಳಾಗಿ ಸುತ್ತುತ್ತಿದ್ದೆವು.

ಬ್ರೇಕಿಲ್ಲ. ಪುಕ್ಕಟೆ ಉರುಳುವ ಸುಖವಿಲ್ಲ.
ಮುಂದೆ ನಲವತ್ತೆಂಟು ಹಲ್ಲು, ಹಿಂದೆ ಹದಿನೈದು,
ಚಕ್ರ ತಿರುಗುವಷ್ಟು ಹೊತ್ತು ಕಾಲೂ ತಿರುಗಬೇಕು.
ಮೊದಲ ದಿನ ದಣಿದು, ಅಭ್ಯಾಸಬಲ, ಕಾಲು ನಿಲ್ಲಿಸಿದೆ.
ಸೈಕಲ್ಲು ನನ್ನನ್ನು ಸೀಟಿನಿಂದ ಎತ್ತಿ
ಮತ್ತೆ ಅಲ್ಲೇ ಕೂರಿಸಿತು.
ಬೈಯಲಿಲ್ಲ. ಒಂದು ಸಲ ಹೇಳಿತು, ಅಷ್ಟೆ.

ಗಾಣ ಇದು, ಅಂದುಕೊಂಡೆ.
ಆದರೆ ಗಾಣದೆತ್ತಿಗೆ ಕಣ್ಣು ಕಟ್ಟಿರುತ್ತಾರೆ.
ನನಗೆ ಕಾಣುತ್ತದೆ: ಕಪ್ಪು ಗೆರೆ,
ಮುಂದಿನವಳ ಮೀನಖಂಡದಲ್ಲಿ ಜಿಗಿಯುವ ನರ,
ತಿರುವಿನ ಇಳಿಜಾರು ಒಂದು ಕ್ಷಣ
ಗೋಡೆಯಾಗಿ ಎದ್ದು ನನ್ನ ಭುಜ ಸವರಿ ಮಲಗುವುದು.

ಕಚ್ಚುವುದು ಬೇಡ ನೆಲ್ಲೋ, ಕಟ್ಟುವುದು ಕೊಡು.

ಪಟ್ಟಿಯನ್ನು ಪಂಜರದೊಳಗೆ ಒಂದು ಸುತ್ತು ತಿರುಚು, ಅಂದ,
ಆಗ ಜಾರುವುದಿಲ್ಲ. ಬಕಲ್ಲು ಹೊರಗಿರಲಿ.
ಎಪ್ಪತ್ತು ಡಾಲರು. ಪಟ್ಟಿಯ ದುಡ್ಡು ತೆಗೆದುಕೊಳ್ಳಲಿಲ್ಲ,
ಯಾಕೋ.

ಎಂಟು ಸುತ್ತಿನ ರೇಸು. ಏಳನೆಯವಳಾಗಿ ಬಂದೆ.
ಎಲ್ಲರೂ ಕಂಬಿ ಹಿಡಿದು ನಿಂತರು,
ಸೇಬು ತಿಂದರು, ಸಾಕ್ಸು ಕಳಚಿದರು.
ನನ್ನ ಬಲಗಾಲು ಬಿಚ್ಚಿತು. ಎಡಗಾಲಿನ ಚರ್ಮ ಬೆವರಿಗೆ ಉಬ್ಬಿ
ಬಕಲ್ಲಿನೊಳಗೆ ಹೂತುಹೋಗಿದೆ.
ನಿಂತರೆ ಬೀಳುತ್ತೇನೆ. ಬೀಳದಿರಬೇಕಾದರೆ ಸುತ್ತಬೇಕು.
ಸುತ್ತಿದೆ.
ಒಂದು ಸುತ್ತು ಆ ಸೇತುವೆಯ ಭಯ ಎದೆಯಲ್ಲೇ ಕೂತಿತ್ತು.
ಮುಂದಿನದರಲ್ಲಿ ಹಿಮ್ಮಡಿ ಚುಳುಕ್ಕೆಂದಿತು.
ಆಮೇಲೆ ಎಣಿಸಲಿಲ್ಲ.

ದೀಪದ ಕಂಬಗಳು ಒಂದೊಂದಾಗಿ ಹತ್ತಿದವು.
ಸಲೋಟೆ ಬೇಲಿಯ ಹತ್ತಿರ ಎರಡೂ ಕೈ ಚಾಚಿದ್ದಾಳೆ,
ಹಾಸಿನ ತುದಿಗೆ ಚಾಚುವ ಹಾಗೆ.
ಬಾ, ಹಿಡಿದುಕೊಳ್ಳುತ್ತೇನೆ.
ಬಂದೆ, ಬಂದೆ, ಅನ್ನುತ್ತಲೇ ದಾಟಿದೆ.

ಪಟ್ಟಿ ಆಗಲೇ ಬಿಟ್ಟುಕೊಂಡಿತ್ತು.
ಅದರ ತುದಿ ಕ್ರ್ಯಾಂಕಿಗೆ ತಾಗಿ
ಟಿಕ್ ಅನ್ನುತ್ತಿತ್ತು, ಸುತ್ತಿಗೊಮ್ಮೆ,
ಟಿಕ್.